ಹತ್ತು ಹುಳ ಕೇಳಲು ಬಂದ ತೌಸೀಫನಿಗೆ

ಐಸ್‌ಕ್ರೀಮ್ ಡಬ್ಬಿ ತಂದಿದ್ದೀಯ, ಒಳ್ಳೇದು.
ಮುಚ್ಚಳಕ್ಕೆ ತೂತು ಹಾಕಿದ್ದೀಯ, ಅದೂ ಸರಿ,
ಇಷ್ಟೊಂದು ಬೇಡ ಕಣೋ, ಗಾಳಿ ಬೇಕು, ಬಿಸಿಗಾಳಿ ಬೇಡ.
ಶಿಡ್ಲಘಟ್ಟದ ಏಪ್ರಿಲ್ಲು ಇದು,
ಮಧ್ಯಾಹ್ನದ ಹೊತ್ತಿಗೆ ಒಳಗಿರೋದೆಲ್ಲ ಹಪ್ಪಳ.

ಹೆಸರು ಕೇಳಬೇಡ, ನಂಗೂ ಸರಿಯಾಗಿ ಗೊತ್ತಿಲ್ಲ.
ನಮ್ಮಮ್ಮ ಗುಂಡುಹುಳ ಅಂತಿದ್ದಳು,
ಚೇಳೂರಿನ ಕಡೆಯೋರು ತೆಲುಗಲ್ಲಿ ಇನ್ನೇನೋ ಅಂತಾರೆ,
ನಿಮ್ಮಪ್ಪ ಅಂದದ್ದು, ಕಲ್ಲಿನಡಿಯ ಗಲೀಜು.
ಮೇಷ್ಟ್ರೊಬ್ಬರು ಹೇಳಿದ್ದು ಮಾತ್ರ ಮನಸ್ಸಲ್ಲಿ ಕೂತೈತೆ:
ಇದು ಹುಳವೇ ಅಲ್ಲವಂತೆ, ಏಡಿಯ ನೆಂಟ.
ಹೊಟ್ಟೆಯಡಿ ಕಿವಿರು ಇಟ್ಕೊಂಡು
ಯಾವತ್ತೋ ನೀರು ಬಿಟ್ಟು ನೆಲಕ್ಕೆ ಬಂದದ್ದು.
ಕಡಲು ಕಾಣದ ಈ ಊರಲ್ಲಿ
ಬಚ್ಚಲ ಕಲ್ಲಿನಡಿ ಅಂಗೈಯಗಲ ತೇವ ಹುಡುಕಿಕೊಂಡು
ಸಂಸಾರ ಮಾಡ್ತೈತೆ.

ಅದಕ್ಕೇ ಮೊದಲ ಮಾತು ನೀರಿಂದು.
ಡಬ್ಬಿಯ ಒಂದು ಕಡೆ ಒದ್ದೆ, ಒಂದು ಕಡೆ ಒಣ.
ಎಲ್ಲಿರಬೇಕಂತ ಅದಕ್ಕೆ ಗೊತ್ತು, ನಾವು ಹೇಳಿಕೊಡೋದಲ್ಲ.
ಪಾಚಿ ಸಿಕ್ಕರೆ ಪಾಚಿ, ಇಲ್ಲಾಂದ್ರೆ ತೆಂಗಿನ ನಾರು.
ಸುರೀಬೇಡ, ಚಿಮುಕಿಸು,
ಇಸ್ತ್ರಿ ಹಾಕೋ ಮುಂಚೆ ಬಟ್ಟೆಗೆ ಚಿಮುಕಿಸ್ತೀವಲ್ಲ, ಅಷ್ಟೇ.

ಊಟಕ್ಕೆ ಒಣಗಿದ ಎಲೆ. ಹಿಪ್ಪುನೇರಳೆದಾದರೂ ಸರಿ,
ಔಷಧಿ ಹೊಡೆದ ತೋಟದ್ದು ಮುಟ್ಟಬೇಡ.
ರೇಷ್ಮೆಹುಳಕ್ಕೆ ತಾಜಾ ಸೊಪ್ಪು, ಹೊತ್ತು ಹೊತ್ತಿಗೆ,
ಬೀಗರ ಉಪಚಾರ.
ಇವಕ್ಕೆ ನಾವು ಗುಡಿಸಿ ಎಸೆದದ್ದೇ ಹಬ್ಬ.
ಕೊಳೆತ ಸೌದೆ ಚೂರು, ಸೌತೆಕಾಯಿ ಸಿಪ್ಪೆ,
ಬೆನ್ನಿನ ಹೆಂಚು ಗಟ್ಟಿಯಾಗೋಕೆ ಮೊಟ್ಟೆಚಿಪ್ಪಿನ ಪುಡಿ.
ಎಲೆಯಡಿಕೆ ಸುಣ್ಣ ಹಾಕಿ ಒಂದು ಸಲ ಒಂಬತ್ತು ಕೊಂದಿದ್ದೀನಿ.
ಹೇಳ್ತಿದ್ದೀನಿ ಅಷ್ಟೇ.

ಒಂದಿನ ಒಂದು ಹುಳ ಹಿಂದೆ ಬಿಳಿ, ಮುಂದೆ ಬೂದಿಬಣ್ಣ ಕಾಣ್ತೈತೆ.
ಕಾಯಿಲೆ ಅಂತ ಹೆದರಬೇಡ, ಜ್ವರಕ್ಕೆ ಕೂತೈತೆ.
ರೇಷ್ಮೆಹುಳಕ್ಕೆ ನಾಲ್ಕೇ ಜ್ವರ, ಆಮೇಲೆ ಗೂಡು, ಆಮೇಲೆ ನಮ್ಮ ಬೇಸಿನ್ನು.
ಇದಕ್ಕೆ ಬದುಕಿರೋವರೆಗೂ ಜ್ವರ.
ಅದೂ ಅರ್ಧರ್ಧ. ಮೊದಲು ಹಿಂದಿನ ಅಂಗಿ ಬಿಚ್ಚಿ,
ಎರಡು ದಿನ ಸುಧಾರಿಸಿಕೊಂಡು ಮುಂದಿಂದು.
ಒಂದೇ ಸಲಕ್ಕೆ ಪೂರ್ತಿ ಬೆತ್ತಲಾಗೋ ಧೈರ್ಯ ಯಾರಿಗೈತೆ ಹೇಳು.
ಕಳಚಿದ್ದನ್ನ ತಾನೇ ತಿಂತೈತೆ, ತೆಗೆದು ಎಸೀಬೇಡ.

ಮರಿ ಮಾಡ್ಸೋದು ಹೆಂಗೆ ಅಂದೆ.
ಮಾಡ್ಸೋದೇನಿಲ್ಲ, ಸುಮ್ನಿರೋದು.
ತಾಯಿ ಹೊಟ್ಟೆಯಡಿ ಒಂದು ಚೀಲ, ಚೀಲದಲ್ಲಿ ನೀರು,
ಬಿಟ್ಟುಬಂದ ಕಡಲಿನ ಒಂದು ತೊಟ್ಟು.
ಅದರೊಳಗೆ ಮೊಟ್ಟೆ. ತಿಂಗಳೋ ಒಂದೂವರೆಯೋ ಆದಮೇಲೆ
ಚಿರೋಟಿ ರವೆಯಂಥವು ಇಳೀತಾವೆ, ಹನ್ನೆರಡು ಕಾಲಿನವು.
ಉಳಿದೆರಡು ಕಾಲು ಆಮೇಲೆ ಬರ್ತಾವೆ, ಅವಸರ ಏನೈತೆ.
ಆ ವಾರ ಮಾತ್ರ ಕೆದಕಬೇಡ,
ಗೆಳೆಯರನ್ನ ಕರ್ಕೊಂಡು ಬಂದು ತೋರಿಸಬೇಡ.

ನಿಮ್ಮಪ್ಪ ಮೊನ್ನೆ ನಕ್ಕರು:
"ಗಂಗುಲಕ್ಕಾ, ಇವು ನೂಲು ಬಿಡ್ತಾವಾ?"
ಬಿಡಲ್ಲ. ಹರಾಜಿಗೆ ಹೋಗಲ್ಲ,
ಕೇಜಿಗೆ ಇಷ್ಟು ಅಂತ ಗೂಡಿನ ಮಾರ್ಕೆಟ್ಟಲ್ಲಿ ಯಾರೂ ಕೂಗಲ್ಲ.

ಇಪ್ಪತ್ತಾರು ವರ್ಷ ನಿಮ್ಮ ಯೂನಿಟ್ಟಲ್ಲಿ
ಬಿಸಿನೀರಿಗೆ ಬೆರಳಿಟ್ಟು ಎಳೆ ಹುಡುಕಿದೋಳು ನಾನು.
ತುದಿ ಬೆಳ್ಳಗಾಗಿ ಗೆರೆಗಳೆಲ್ಲ ಅಳಿಸಿಹೋಗಾವೆ,
ರೇಷನ್ ಅಂಗಡಿ ಮಿಷನ್ನು ನನ್ನ ಹೆಬ್ಬೆಟ್ಟು ಒಪ್ಪಲ್ಲ.
ಎಷ್ಟು ಗೂಡು ಈ ಕೈಯಲ್ಲಿ ಬೆಂದವೋ.
ಪಾಪ ಅಂತಲ್ಲ ಕಣೋ, ಅನ್ನ ಅದು,
ನಿಂಗೂ ನಂಗೂ.
ಆದರೆ ಸಂಜೆ ಕೈ ತೊಳೆದು ಡಬ್ಬಿ ತೆಗೆದರೆ
ಅಂಗೈಯಲ್ಲೊಂದು ಉಂಡೆಯಾಗ್ತೈತೆ, ಸಾಸಿವೆಯ ಅಣ್ಣನಂಗೆ.
ಕಾಯ್ತೈತೆ. ನಾನೂ ಕಾಯ್ತೀನಿ.
ಇವಳೇನೂ ಮಾಡಲ್ಲ ಅಂತ ಅದಕ್ಕೆ ನಂಬಿಕೆ ಬರೋ ಹೊತ್ತಿಗೆ
ಒಲೆ ಮೇಲಿನ ಹಾಲು ಒಂದೆರಡು ಸಲ ಉಕ್ಕಿದ್ದೂ ಐತೆ.

ತಗೋ. ಹತ್ತು ಕೇಳಿದೆ, ಹದಿಮೂರು ಹಾಕಿದ್ದೀನಿ,
ಮೂರು ಹೋದರೂ ಅಳಬೇಡ.
ಫ್ರಿಜ್ ಮೇಲೆ ಇಡಬೇಡ, ಅಲ್ಲಿ ಕಾವು.
ಮಂಚದ ಕೆಳಗೆ, ಗೋಡೆ ಕಡೆ.
ಅಮ್ಮಿಗೆ ಮಾತ್ರ ಮೊದಲೇ ಹೇಳಿಬಿಡು,
ಪೊರಕೆ ಹಿಡಿಯೋದು ಅವಳು.